ಧ್ವನಿವರ್ಧಕದ ಪೆಟ್ಟಿಗೆ

ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಹೆದ್ದಾರಿಯಲ್ಲಿ ಅರಬೈಲ್ ಘಟ್ಟವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ಒಳಗೊಂಡ ಈ ಮಲೆನಾಡ ಸೀಮೆ ಯಕ್ಷಗಾನ, ತಾಳಮದ್ದಳೆಗಳ ನೆಲೆವೀಡು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಅರ್ಥಧಾರಿಗಳ ಮಾತು ಇವೇ ಸರ್ವಸ್ವ. ಕೊನೆಯ ಸಾಲಿನಲ್ಲಿ ಕುಳಿತ ವೃದ್ಧನಿಗೆ ಆ ಮಾತು ತಿಳಿಯದೆ ಹೋದರೆ, ಅವನ ಪಾಲಿಗೆ ಪ್ರಸಂಗವೇ ನಡೆಯಲಿಲ್ಲವೆಂದಾಯಿತು. ಆದುದರಿಂದ ಧ್ವನಿ ದೊಡ್ಡದಾದರೆ ಸಾಲದು, ಮಾತು ಸ್ಪಷ್ಟವಾಗಬೇಕು. ಮನೆಯಲ್ಲಿಯೇ ಧ್ವನಿವರ್ಧಕವನ್ನು ಕಟ್ಟಲು ಹೊರಟವನು ಮೊದಲು ಅರಿಯಬೇಕಾದ ಸಂಗತಿಯಿದು.

ಧ್ವನಿವರ್ಧಕದಲ್ಲಿ ಅಯಸ್ಕಾಂತದ ನಡುವೆ ಒಂದು ತಂತಿಸುರುಳಿಯಿರುತ್ತದೆ. ಬದಲಾಗುವ ವಿದ್ಯುತ್ತು ಅದರಲ್ಲಿ ಹರಿದಾಗ ಸುರುಳಿಯೂ ಅದಕ್ಕೆ ಅಂಟಿಸಿದ ಶಂಕುವೂ ಹಿಂದಕ್ಕೂ ಮುಂದಕ್ಕೂ ಚಲಿಸಿ ಗಾಳಿಯನ್ನು ಕಂಪಿಸುತ್ತವೆ. 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಎಂಜಿನಿಯರುಗಳು ಪ್ರಕಟಿಸಿದ ಈ ಬಗೆಯ ರಚನೆಯನ್ನೇ ಇಂದಿನ ಬಹುಪಾಲು ಧ್ವನಿವರ್ಧಕಗಳು ಅನುಸರಿಸುತ್ತವೆ.

ಮಂದ್ರ ಧ್ವನಿಗೆ ಹೆಚ್ಚು ಗಾಳಿಯನ್ನು ದೂಡುವ ಅಗಲವಾದ ಶಂಕು ಬೇಕು. ತಾರ ಧ್ವನಿಗೆ ಚುರುಕಾಗಿ ಕಂಪಿಸುವ ಹಗುರವಾದ ಚಿಕ್ಕ ಹಾಳೆ ಬೇಕು. ಒಂದೇ ಶಂಕು ಇವೆರಡನ್ನೂ ಚೆನ್ನಾಗಿ ನಿರ್ವಹಿಸಲಾರದು. ಆದ್ದರಿಂದ ವೂಫರ್, ಟ್ವೀಟರ್ ಎಂಬ ಎರಡನ್ನು ಬಳಸುತ್ತಾರೆ. ಅವುಗಳ ನಡುವೆ ಕೆಲಸವನ್ನು ಹಂಚುವ ವಿದ್ಯುನ್ಮಂಡಲವೇ ಕ್ರಾಸೋವರ್. ಕೆಪಾಸಿಟರ್ ಹೆಚ್ಚಿನ ಆವೃತ್ತಿಯನ್ನು ಸುಲಭವಾಗಿ ಬಿಡುತ್ತದೆ, ಕಡಿಮೆಯದನ್ನು ತಡೆಯುತ್ತದೆ. ಆದ್ದರಿಂದ ಅದನ್ನು ಟ್ವೀಟರಿಗೆ ಜೋಡಿಸುತ್ತಾರೆ. ತಂತಿಸುರುಳಿಯ ಗುಣ ಇದಕ್ಕೆ ವಿರುದ್ಧ. ಅದು ವೂಫರಿಗೆ ಸಲ್ಲುತ್ತದೆ. ರೋಧವು 8 ಓಮ್, ವಿಭಜನೆಯ ಆವೃತ್ತಿ 3000 ಹರ್ಟ್ಸ್ ಎಂದಾದರೆ, ಸರಳವಾದ ಲೆಕ್ಕದಂತೆ ಸುಮಾರು 6.6 ಮೈಕ್ರೋಫ್ಯಾರಡಿನ ಕೆಪಾಸಿಟರೂ 0.42 ಮಿಲಿಹೆನ್ರಿಯ ಸುರುಳಿಯೂ ಬೇಕಾಗುತ್ತವೆ. ಆ ಆವೃತ್ತಿಯಲ್ಲಿ ಧ್ವನಿ ಥಟ್ಟನೆ ನಿಲ್ಲುವುದಿಲ್ಲ. ಒಂದರಲ್ಲಿ ಕ್ರಮೇಣ ಕುಗ್ಗಿ ಮತ್ತೊಂದರಲ್ಲಿ ಕ್ರಮೇಣ ಏರುತ್ತದೆ. ಧ್ವನಿವರ್ಧಕದ ರೋಧವು ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಆಗಿರುವುದಿಲ್ಲವಾದ್ದರಿಂದ, ಲೆಕ್ಕದ ಬಳಿಕ ಕಿವಿಯ ಪರೀಕ್ಷೆಯೂ ಅವಶ್ಯ. ಸಕಾರ, ಶಕಾರಗಳಂಥ ವ್ಯಂಜನಗಳ ಬಲವು ಹೆಚ್ಚಾಗಿ ತಾರ ಭಾಗದಲ್ಲಿಯೇ ಇದೆ. ಟ್ವೀಟರು ಸೋತರೆ 'ಸರ' ಯಾವುದು, 'ಶರ' ಯಾವುದು ಎಂಬುದೇ ತಿಳಿಯದು.

ಇನ್ನು ಪೆಟ್ಟಿಗೆ. ಶಂಕು ಮುಂದೆ ಗಾಳಿಯನ್ನು ಒತ್ತುವಾಗಲೇ ಹಿಂದೆ ಅದನ್ನು ವಿರಳಗೊಳಿಸುತ್ತದೆ. 50 ಹರ್ಟ್ಸಿನ ಧ್ವನಿಯ ತರಂಗದೂರ ಸುಮಾರು 7 ಮೀಟರು. ಇಷ್ಟು ಉದ್ದದ ತರಂಗ ಶಂಕುವಿನ ಅಂಚನ್ನು ಬಳಸಿ ಬಂದು ಮುಂದಿನ ತರಂಗವನ್ನು ಅಳಿಸಿಬಿಡುತ್ತದೆ. ಪೆಟ್ಟಿಗೆಯಿಲ್ಲದ ಧ್ವನಿವರ್ಧಕದಲ್ಲಿ ಮಂದ್ರವು ಬಡವಾಗುವುದು ಇದರಿಂದಲೇ. ಹಿಂದಿನ ತರಂಗವನ್ನು ಬಂಧಿಸುವುದೇ ಪೆಟ್ಟಿಗೆಯ ಮೊದಲ ಕರ್ತವ್ಯ. ಅದರ ಗಾತ್ರ ತೀರ ಕಿರಿದಾದರೆ ಒಳಗಿನ ಗಾಳಿಯು ಬಿಗಿಯಾದ ಸ್ಪ್ರಿಂಗಿನಂತೆ ಶಂಕುವನ್ನು ತಡೆದು, ಕೆಲವು ಮಂದ್ರ ಧ್ವನಿಗಳನ್ನು ಮಾತ್ರ ಗುಂಯ್‌ಗುಡಿಸುತ್ತದೆ. ಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಪ್ರಕಟಿಸಿದ ಲೇಖನಗಳಿಂದ, ಶಂಕುವಿಗೆ ತಕ್ಕ ಪೆಟ್ಟಿಗೆಯ ಗಾತ್ರವನ್ನು ಲೆಕ್ಕಹಾಕುವುದು ಸಾಧ್ಯವಾಯಿತು.

ಪೆಟ್ಟಿಗೆಯೂ ಮರದ್ದು, ಮದ್ದಳೆಯೂ ಮರದ್ದು. ಆದರೆ ಅವುಗಳ ಧರ್ಮ ಬೇರೆ ಬೇರೆ. ಮೃದಂಗದ ಚರ್ಮದ ನಡುವಣ ಕಪ್ಪು ಲೇಪದಿಂದ ಅದರ ನಾದ ಹೇಗೆ ಇಂಪಾಗುತ್ತದೆಂಬುದನ್ನು ಸರ್ ಸಿ. ವಿ. ರಾಮನ್ನರು 1920ರಲ್ಲಿ ವಿವರಿಸಿದರು. ಬೆಂಗಳೂರಿಗೆ ಬಂದ ಬಳಿಕ, 1934ರಲ್ಲಿ ಆ ಅಧ್ಯಯನವನ್ನು ವಿಸ್ತರಿಸಿ ಪ್ರಕಟಿಸಿದರು. ವಾದ್ಯಕ್ಕೆ ಸ್ವಂತ ನಾದವೇ ಭೂಷಣ. ಧ್ವನಿವರ್ಧಕದ ಪೆಟ್ಟಿಗೆಗಾದರೋ ಸ್ವಂತ ನಾದವೇ ದೋಷ. ಆದ್ದರಿಂದ ಅದರ ಹಲಗೆಗಳು ದಪ್ಪವಾಗಿರಬೇಕು, ಒಳಗೆ ಅಡ್ಡಪಟ್ಟಿಗಳಿರಬೇಕು, ಧ್ವನಿಯನ್ನು ಹೀರಲು ಉಣ್ಣೆಯೋ ಹತ್ತಿಯೋ ಇರಬೇಕು, ಸಂದುಗಳಲ್ಲಿ ಗಾಳಿ ಸೋರಬಾರದು. ಘಟ್ಟದ ಮಳೆಗಾಲದ ತೇವಕ್ಕೆ ಹಸಿಮರ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಸೀಳುತ್ತದೆ. ಅಲ್ಲಿಗೆ ಒಳ್ಳೆಯ ಪ್ಲೈವುಡ್ಡೇ ಲೇಸು. ಬೆರಳ ಗೆಣ್ಣಿನಿಂದ ತಟ್ಟಿದಾಗ ಪೆಟ್ಟಿಗೆ ಮೊಳಗದೆ ಮಂಕಾಗಿ ಸದ್ದುಮಾಡಿದರೆ ಕೆಲಸ ಸರಿಯಾಗಿದೆ ಎನ್ನಬಹುದು.

ಒಳ್ಳೆಯ ಧ್ವನಿವರ್ಧಕವು ತನ್ನದನ್ನು ಏನನ್ನೂ ಸೇರಿಸದೆ, ಪರರ ಮಾತನ್ನು ಇದ್ದಂತೆಯೇ ಮುಟ್ಟಿಸುತ್ತದೆ. ಕೊನೆಯ ಸಾಲಿನ ವೃದ್ಧನು ಪೆಟ್ಟಿಗೆಯನ್ನು ಮರೆತು ಅರ್ಥಧಾರಿಯ ಮಾತಿಗೆ ತಲೆದೂಗಿದರೆ, ಅದನ್ನು ಕಟ್ಟಿದವನ ಶ್ರಮ ಸಾರ್ಥಕ.