ತಾಮ್ರದ ತಗಡಿನಲ್ಲಿ ಒಂದು ವಿದ್ಯಾಪೀಠ

ಹಾಲೆಂಡ್ ದೇಶದ ಲೈಡನ್ ನಗರದಲ್ಲಿರುವ ವಿಶ್ವವಿದ್ಯಾನಿಲಯವು 1575ನೆಯ ಇಸವಿ ಫೆಬ್ರವರಿ 8ರಂದು ಪ್ರಾರಂಭವಾಯಿತು. ಪ್ರತಿವರ್ಷವೂ ಆ ದಿನದ ಸುಮಾರಿಗೆ ಅಲ್ಲಿ ವರ್ಧಂತ್ಯುತ್ಸವ ನಡೆಯುತ್ತದೆ. 1975ರಲ್ಲಿ ಅದಕ್ಕೆ ನಾನೂರು ವರ್ಷಗಳೂ 2025ರಲ್ಲಿ ನಾನೂರ ಐವತ್ತು ವರ್ಷಗಳೂ ತುಂಬಿದವು. ಆ ವಿದ್ಯಾಪೀಠದ ಬಾಲ್ಯವನ್ನು ಕಣ್ಣಾರೆ ಕಾಣಬೇಕೆನ್ನುವವರು ಇಂದಿಗೂ ಆಶ್ರಯಿಸುವುದು 1610ರಲ್ಲಿ ಅಚ್ಚಾದ ನಾಲ್ಕು ಚಿತ್ರಗಳನ್ನು. ಯಾನ್ ವೌಡಾನುಸ್ ಎಂಬ ಚಿತ್ರಕಾರನು ಬರೆದ ರೇಖಾಚಿತ್ರಗಳನ್ನು ವಿಲ್ಲೆಮ್ ವಾನ್ ಸ್ವಾನೆನ್‌ಬರ್ಗ್ ಎಂಬಾತನು ತಾಮ್ರದ ತಗಡಿಗೆ ಇಳಿಸಿದನು. ಪುಸ್ತಕಾಲಯ, ಅಂಗರಚನಾ ಮಂದಿರ, ಸಸ್ಯೋದ್ಯಾನ, ಕತ್ತಿವರಸೆಯ ಶಾಲೆ, ಇವೇ ಆ ನಾಲ್ಕು.

ಈ ವಿದ್ಯಾಪೀಠ ಹುಟ್ಟಿದ ಬಗೆಯೇ ಸೋಜಿಗದ್ದು. ಅಂದು ಹಾಲೆಂಡಿನ ಜನರು ತಮ್ಮನ್ನಾಳುತ್ತಿದ್ದ ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನ ವಿರುದ್ಧ ದಂಗೆಯೆದ್ದಿದ್ದರು. ಸ್ಪೇನಿನ ಸೈನ್ಯವು ಲೈಡನ್ನಿಗೆ ಮುತ್ತಿಗೆ ಹಾಕಿತು. ಅನ್ನವಿಲ್ಲದೆಯೂ ಸಾಂಕ್ರಾಮಿಕ ರೋಗದಿಂದಲೂ ಸಾವಿರಾರು ಜನ ಸತ್ತರೂ ಊರಿನವರು ಬಾಗಿಲು ತೆರೆಯಲಿಲ್ಲ. ಕಡೆಗೆ ದಂಗೆಯ ನಾಯಕನಾದ ಆರೆಂಜ್ ಮನೆತನದ ವಿಲಿಯಂನ ಕಡೆಯವರು, ಸಮುದ್ರವನ್ನು ತಡೆದಿದ್ದ ಕಟ್ಟೆಗಳನ್ನು ತಾವೇ ಒಡೆದು, ತಮ್ಮ ಹೊಲಗದ್ದೆಗಳ ಮೇಲೆ ನೀರನ್ನು ಹರಿಯಬಿಟ್ಟು, ಆ ನೀರಿನ ಮೇಲೆ ದೋಣಿಗಳನ್ನು ತಂದರು. 1574ರ ಅಕ್ಟೋಬರ್ 3ರಂದು ಮುತ್ತಿಗೆ ತೆರವಾಯಿತು. ಇನ್ನೂ ಮೂರು ತಿಂಗಳು ಕಳೆಯುವ ಮುನ್ನವೇ, ಡಿಸೆಂಬರ್ 28ರಂದು, ಆ ನಾಡಿನಲ್ಲಿ ಒಂದು ವಿಶ್ವವಿದ್ಯಾನಿಲಯ ಬೇಕೆಂದು ವಿಲಿಯಂ ಪತ್ರ ಬರೆದನು. ಆರು ವಾರಗಳಲ್ಲಿ ಅದು ನಡೆದುಹೋಯಿತು! ಇದಕ್ಕಿಂತ ವಿನೋದದ ಸಂಗತಿಯೆಂದರೆ, ಸ್ಥಾಪನೆಯ ಸನ್ನದು ಹೊರಟದ್ದು ಅದೇ ಎರಡನೆಯ ಫಿಲಿಪ್‌ನ ಹೆಸರಿನಲ್ಲಿ. ಕಾಯಿದೆಯ ದೃಷ್ಟಿಯಿಂದ ಅವನು ಇನ್ನೂ ದೊರೆಯೇ ಆಗಿದ್ದನಷ್ಟೆ.

ಇನ್ನು ಚಿತ್ರಗಳ ವಿಷಯ. ತಾಮ್ರದ ಮೇಲೆ ಕೊರೆಯುವುದು ನಮಗೆ ಹೊಸದಲ್ಲ. ನಮ್ಮ ಅರಸರು ದಾನಗಳನ್ನು ತಾಮ್ರಶಾಸನಗಳಲ್ಲಿ ಬರೆಯಿಸಿದರು. ಆದರೆ ಶಾಸನದ ತಗಡನ್ನು ನೇರವಾಗಿ ಓದಬೇಕು. ಚಿತ್ರದ ತಗಡಾದರೋ ಅಚ್ಚು ಮಾತ್ರ. ಅದರಲ್ಲಿ ಎಡವು ಬಲವಾಗಿ, ಬಲವು ಎಡವಾಗಿ, ಅಕ್ಷರಗಳೂ ತಿರುವುಮುರುವಾಗಿ ಇರತಕ್ಕದ್ದು. ಕೊರೆಯುವುದರಲ್ಲಿ ಎರಡು ಕ್ರಮಗಳುಂಟು. ಚೂಪಾದ ಉಕ್ಕಿನ ಉಳಿಯಿಂದ ತಾಮ್ರವನ್ನೇ ಕೊರೆದು ತೆಗೆಯುವುದು ಒಂದು. ತಗಡಿಗೆ ಮೇಣ, ರಾಳಗಳ ಲೇಪ ಕೊಟ್ಟು, ಆ ಲೇಪದಲ್ಲಿ ಸೂಜಿಯಿಂದ ಗೆರೆ ಎಳೆದು, ಬಳಿಕ ತಗಡನ್ನು ಆಮ್ಲದಲ್ಲಿ ಅದ್ದುವುದು ಇನ್ನೊಂದು. ಲೇಪವಿರುವ ಕಡೆ ಆಮ್ಲವು ತಾಗದು. ಗೆರೆಯಿರುವ ಕಡೆ ತಾಮ್ರವನ್ನು ತಿನ್ನುತ್ತದೆ. ಎಚಿಂಗ್ ಎಂದು ಹೆಸರಾದದ್ದು ಇದೇ. ಮುಂದಿನ ಕೆಲಸ ಎರಡರಲ್ಲಿಯೂ ಒಂದೇ. ತಗಡಿಗೆ ಮಸಿ ಬಳಿದು ಒರಸಿದರೆ ಮಸಿಯು ಗೆರೆಗಳ ಆಳದಲ್ಲಿ ಮಾತ್ರ ಉಳಿಯುತ್ತದೆ. ತೇವದ ಕಾಗದವನ್ನು ಅದರ ಮೇಲಿಟ್ಟು ಉರುಳೆಗಳ ನಡುವೆ ಬಿಗಿಯಾಗಿ ಒತ್ತಿದಾಗ ಚಿತ್ರವು ಕಾಗದಕ್ಕೆ ಏರುತ್ತದೆ. ಒಂದೇ ತಗಡಿನಿಂದ ಹೀಗೆ ನೂರಾರು ಪ್ರತಿಗಳು ಹೊರಟು, ಲೈಡನ್ನನ್ನು ಕಾಣದವರ ಮನೆಗಳಿಗೂ ಹೋದವು.

ಪುಸ್ತಕಾಲಯದ ಚಿತ್ರವನ್ನು ನೋಡಿ. ಎರಡು ಸಾಲಿನಲ್ಲಿ ಎತ್ತರದ ಪುಸ್ತಕಪೀಠಗಳು, ಗ್ರಂಥಗಳಿಗೆಲ್ಲ ಸರಪಳಿ! ಕುಳಿತುಕೊಳ್ಳಲು ಆಸನವಿಲ್ಲ, ಓದುವವರು ನಿಂತೇ ಓದಬೇಕು. ಈ ಪುಸ್ತಕಾಲಯದ ಗ್ರಂಥಸೂಚಿಯು 1595ರಲ್ಲಿಯೇ ಅಚ್ಚಾಗಿತ್ತು. ಚಿತ್ರದ ಬಲಗಡೆ ಮುಚ್ಚಿದ ಒಂದು ಬೀರು ಇದೆ. ಅದು ಮಹಾಪಂಡಿತ ಜೋಸೆಫ್ ಸ್ಕಾಲಿಗರ್ ಬಿಟ್ಟುಹೋದ ಪೂರ್ವದೇಶಗಳ ಭಾಷೆಗಳ ಗ್ರಂಥಸಂಪತ್ತು. ಸ್ಕಾಲಿಗರ್ ತೀರಿಕೊಂಡದ್ದು 1609ರಲ್ಲಿ. ಚಿತ್ರ ಅಚ್ಚಾದುದು ಮರುವರ್ಷ.

ಅದೇ 1609ರಲ್ಲಿ ಸಸ್ಯೋದ್ಯಾನವನ್ನು ರೂಪಿಸಿದ ಕ್ಲೂಸಿಯಸ್‌ನೂ ತೀರಿಕೊಂಡನು. ಅಚ್ಚುಕಟ್ಟಾದ ಚೌಕಪಾತಿಗಳ ಆ ಉದ್ಯಾನವನ್ನು ಕಾಣುವಾಗ ನಾವು ಒಂದು ಸಂಗತಿಯನ್ನು ನೆನೆಯಬೇಕು. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನು ಮೆಣಸು, ಏಲಕ್ಕಿ, ಮಾವು ಮೊದಲಾದ ನಮ್ಮ ಕಡೆಯ ಗಿಡಮರಗಳನ್ನು ಕುರಿತು ಬರೆದ ಗ್ರಂಥವು 1563ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಅದನ್ನು ಸಂಗ್ರಹಿಸಿ 1567ರಲ್ಲಿ ಲ್ಯಾಟಿನ್ ಭಾಷೆಗೆ ತಂದು ಯುರೋಪಿನ ವಿದ್ವಾಂಸರಿಗೆ ಒದಗಿಸಿದವನು ಈ ಕ್ಲೂಸಿಯಸ್.

ಕತ್ತಿವರಸೆಯ ಶಾಲೆಗೆ ವಿದ್ಯಾಪೀಠದಲ್ಲೇನು ಕೆಲಸವೆಂದು ನೀವು ಕೇಳಬಹುದು. ಅಲ್ಲಿ ಕತ್ತಿವರಸೆಯ ಗುರುವಾಗಿದ್ದ ಲೂಡಾಲ್ಫ್ ವಾನ್ ಕೂಲೆನ್ ಗಣಿತಜ್ಞನೂ ಆಗಿದ್ದನು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಪ್ರಮಾಣವನ್ನು, ಎಂದರೆ ನೀವು 3.14 ಎಂದು ಬಳಸುವ ಸಂಖ್ಯೆಯನ್ನು, ಯಾವ ಯಂತ್ರದ ನೆರವೂ ಇಲ್ಲದೆ ದಶಮಾಂಶದ 35 ಸ್ಥಾನಗಳವರೆಗೆ ಆತನು ಲೆಕ್ಕಹಾಕಿದನು. ಆ ಅಂಕೆಗಳನ್ನು ಅವನ ಗೋರಿಗಲ್ಲಿನ ಮೇಲೆ ಕೆತ್ತಿದರು. ವಿದ್ವತ್ತಿಗೆ ಲ್ಯಾಟಿನ್ನೇ ಭಾಷೆಯೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಕೋಟೆ ಕಟ್ಟುವವರಿಗೂ ಭೂಮಿ ಅಳೆಯುವವರಿಗೂ ಬೇಕಾದ ಗಣಿತವನ್ನು ಕಲಿಸುವ ಶಾಲೆಯೊಂದು 1600ರಲ್ಲಿ ಲೈಡನ್ನಿನಲ್ಲಿ ತೆರೆಯಿತು. ಅಲ್ಲಿ ಪಾಠ ನಡೆದದ್ದು ಜನರ ಮಾತಾದ ಡಚ್ ಭಾಷೆಯಲ್ಲಿ. ಪಾಠ ಹೇಳಿದವರಲ್ಲಿ ಲೂಡಾಲ್ಫ್‌ನೂ ಒಬ್ಬನು. ನನ್ನ ಮಟ್ಟಿಗೆ ಆ ನಾಲ್ಕು ಚಿತ್ರಗಳಲ್ಲಿ ಇದೇ ಹೆಚ್ಚು ಪ್ರಿಯವಾದುದು.

ಚಿತ್ರವು ಸತ್ಯವನ್ನು ಹೇಳುತ್ತದೆ. ಎಲ್ಲ ಸತ್ಯವನ್ನೂ ಹೇಳುವುದಿಲ್ಲ. ಅಂಗರಚನಾ ಮಂದಿರದ ಚಿತ್ರದಲ್ಲಿ, ಸಾವನ್ನು ನೆನಪಿಸುವ ಲ್ಯಾಟಿನ್ ವಾಕ್ಯಗಳ ಪತಾಕೆ ಹಿಡಿದ ಅಸ್ಥಿಪಂಜರಗಳ ನಡುವೆ, ನೋಡಲು ಬಂದ ಸ್ತ್ರೀಯರೂ ಇದ್ದಾರೆ. ಆದರೆ ವಿದ್ಯಾರ್ಥಿನಿಯರಾಗಿ ಅವರಿಗೆ ಪ್ರವೇಶವಿರಲಿಲ್ಲ. 1636ರಲ್ಲಿ ಉಟ್ರೆಕ್ಟ್ ನಗರದ ವಿಶ್ವವಿದ್ಯಾನಿಲಯ ತೆರೆದಾಗ ಸ್ವಾಗತದ ಲ್ಯಾಟಿನ್ ಪದ್ಯವನ್ನು ರಚಿಸಿದವಳು ಆನ್ನಾ ಮಾರಿಯಾ ವಾನ್ ಶೂರ್ಮನ್ ಎಂಬ ವಿದುಷಿ. ಆಕೆ ಎಚಿಂಗ್ ಕಲೆಯನ್ನೂ ಬಲ್ಲವಳು. ಅಂಥವಳೂ ಅಲ್ಲಿನ ಪಾಠಗಳನ್ನು ಇತರರ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ಕೇಳಬೇಕಾಯಿತು.

ಕೆತ್ತನೆಗಾರ ವಿಲ್ಲೆಮ್ 1612ರಲ್ಲಿಯೇ ಮಡಿದನು. ಅವನ ಸಹೋದರ ಯಾಕೋಬನು ಚಿತ್ರಕಾರನಾಗಿದ್ದು, 1620ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ದಾಖಲೆಯಲ್ಲಿ ಹೆಸರು ಬರೆಸಿದ್ದ ಒಬ್ಬ ಹುಡುಗನಿಗೆ ಚಿತ್ರಕಲೆಯನ್ನು ಕಲಿಸಿದನು. ಎಚಿಂಗ್ ಕಲೆಯಲ್ಲಿ ಮುಂದೆ ಸಾಟಿಯಿಲ್ಲದವನೆನಿಸಿದ ರೆಂಬ್ರಾಂಟನೇ ಆ ಹುಡುಗ. ಅಂಗರಚನಾ ಮಂದಿರವು ಹತ್ತೊಂಬತ್ತನೆಯ ಶತಮಾನದಲ್ಲಿ ಕಣ್ಮರೆಯಾಯಿತು. ಲೈಡನ್ನಿನ ಬೂರ್‌ಹಾವೆ ವಸ್ತುಸಂಗ್ರಹಾಲಯದಲ್ಲಿ ಈಗ ಅದನ್ನು ಪುನಃ ಕಟ್ಟಿ ನಿಲ್ಲಿಸಿದ್ದಾರೆ. ಮರದ ಮೆಟ್ಟಿಲಾಸನಗಳು ವೃತ್ತಾಕಾರವಾಗಿ ಮತ್ತೆ ಎದ್ದಿವೆ. ಪತಾಕೆ ಹಿಡಿದ ಅಸ್ಥಿಪಂಜರಗಳೂ ತಮ್ಮ ಸ್ಥಾನಗಳಿಗೆ ಮರಳಿವೆ.