ಗೇಣುದ್ದದ ಶಾರ್ಕ್

‘ಶಾರ್ಕ್’ ಎಂಬ ಶಬ್ದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಕೇಳಿದ್ದಕ್ಕೆ ಒಬ್ಬ ವಿದ್ಯಾರ್ಥಿ, ‘ಶಾರ್ಕ್ ಮೀನು ಒಂದು ಗೇಣು ಉದ್ದ ಇರುತ್ತದೆ’ ಎಂದು ಬರೆದಿದ್ದ. ನಾವು ಕೆಂಪು ಶಾಯಿಯಿಂದ ಗೆರೆ ಎಳೆದೆವು. ಹುಡುಗ ಸುಮ್ಮನಿರಲಿಲ್ಲ, ವಾದಕ್ಕೆ ಬಂದ. ವಿಜ್ಞಾನದ ಶಿಕ್ಷಕರನ್ನು ಕೇಳಿ, ಪುಸ್ತಕ ತೆರೆದು ನೋಡಿದ ಮೇಲೆ ನಾವೇ ಅಂಕವನ್ನು ತಿದ್ದಬೇಕಾಯಿತು.

ಘಟ್ಟದ ಮೇಲಿನ ನಮಗೆ ಮೀನೆಂದರೆ ಹಿರಣ್ಯಕೇಶಿಯ ಮುಳ್ಳಿನ ಮೀನು. ಕೊಂಕಣದವರು ಸಣ್ಣ ಶಾರ್ಕಿಗೆ ‘ಮೋರಿ’ ಎನ್ನುತ್ತಾರೆ. ಅದನ್ನು ಉಂಡವರಿಗೆ ಅದರಲ್ಲಿ ಮುಳ್ಳಿಲ್ಲವೆಂಬುದು ಗೊತ್ತು. ಶಾರ್ಕಿನ ಅಸ್ಥಿಪಂಜರ ಗಟ್ಟಿ ಎಲುಬಿನದಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯದು. ಕಿವಿರಿನ ಸೀಳುಗಳು ಹೊರಗೇ ಕಾಣುತ್ತವೆ. ಚರ್ಮವನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಬಡಿಗನ ಪಾಲಿಶ್ ಕಾಗದದಂತೆ ಒರಟು. ಶಾರ್ಕನ್ನು ಗುರುತಿಸುವುದು ಇವುಗಳಿಂದ. ಉದ್ದ ಎಷ್ಟೆಂದು ಯಾರೂ ಕೇಳುವುದಿಲ್ಲ.

ಹುಡುಗ ಓದಿದ್ದ ಮೀನಿನ ಹೆಸರು ಎರಿಡಾಕ್ನಿಸ್ ರ್ಯಾಡ್‌ಕ್ಲಿಫಿ. 1913ರಲ್ಲಿ ಅಮೇರಿಕದ ಹ್ಯೂ ಸ್ಮಿತ್ ಎಂಬ ಪ್ರಾಣಿಶಾಸ್ತ್ರಜ್ಞ ಫಿಲಿಪೈನ್ಸ್ ಕಡಲಲ್ಲಿ ಸಿಕ್ಕ ಮೀನನ್ನು ನೋಡಿ ಇದನ್ನು ವರ್ಣಿಸಿದ; ‘ಆಲ್ಬಟ್ರಾಸ್’ ಹಡಗಿನ ಶೋಧಯಾತ್ರೆಯಲ್ಲಿದ್ದ ರ್ಯಾಡ್‌ಕ್ಲಿಫ್‌ನ ಹೆಸರನ್ನೇ ಇಟ್ಟ. ನಮ್ಮ ದೇಶದಲ್ಲಿ ಕೇರಳದ ಕೊಲ್ಲಂ ಎದುರಿನ ಆಳ ಕಡಲಿನಲ್ಲಿ, ಮನ್ನಾರ್ ಕೊಲ್ಲಿಯಲ್ಲಿ ಇದು ಸಿಗುತ್ತದೆ. ವಾಸ 70 ಮೀಟರಿನಿಂದ 760 ಮೀಟರಿಗೂ ಹೆಚ್ಚಿನ ಆಳದವರೆಗೆ, ಕೆಸರಿನ ತಳದ ಮೇಲೆ. ಮೈ ಕಂದು, ಬಾಲ ನಮ್ಮ ಹುಡುಗಿಯರ ಜಡೆಯ ರಿಬ್ಬನ್ನಿನಂತೆ ನೀಳ, ಅದರ ಮೇಲೆ ಕಪ್ಪು ಪಟ್ಟೆಗಳು. ಪೂರ್ಣ ಬೆಳೆದರೂ ಸುಮಾರು 24 ಸೆಂಟಿಮೀಟರ್. ಸಣ್ಣ ಮೀನು, ಸಿಗಡಿ ಜಾತಿಯ ಜೀವಿಗಳು, ಚಿಕ್ಕ ಸ್ಕ್ವಿಡ್ ಇದರ ಆಹಾರ.

ವರ್ಗೀಕರಣದಲ್ಲಿ ಇದೊಂದು ಸ್ವಾರಸ್ಯದ ಜೀವಿ. ನೋಟಕ್ಕೆ ಇದು ಬೆಕ್ಕು ಶಾರ್ಕ್. ಆದರೆ ಬೆಕ್ಕು ಶಾರ್ಕುಗಳ ಬೆನ್ನಿನ ಮೊದಲ ರೆಕ್ಕೆ ಹೊಟ್ಟೆಯ ರೆಕ್ಕೆಗಳ ನೇರಕ್ಕೆ ಅಥವಾ ಅದಕ್ಕೂ ಹಿಂದೆ ಇರುತ್ತದೆ. ಇದರದು ಸಾಕಷ್ಟು ಮುಂದಿದೆ. ಅದಕ್ಕಾಗಿ ಇದನ್ನು ಪ್ರೊಸಿಲ್ಲಿಡೆ ಎಂಬ ಬೇರೆ ಕುಟುಂಬದಲ್ಲಿ ಇಟ್ಟಿದ್ದಾರೆ. ಬೆಕ್ಕು ಶಾರ್ಕುಗಳಲ್ಲಿ ಹೆಚ್ಚಿನವು ಚರ್ಮದ ಚೀಲದಂಥ ಕೋಶದಲ್ಲಿ ಮೊಟ್ಟೆ ಇಡುತ್ತವೆ. ಇದು ಮರಿ ಹಾಕುತ್ತದೆ. ಇದರದೇ ಕುಟುಂಬದ ಪ್ರೊಸಿಲ್ಲಿಯಂ ಮಾತ್ರ ಮೊಟ್ಟೆ ಇಡುತ್ತದೆ! ಒಂದೇ ಮನೆತನದಲ್ಲಿ ಎರಡು ಪದ್ಧತಿ.

ಎರಿಡಾಕ್ನಿಸ್ ಮರಿ ತಾಯಿಯ ಹೊಟ್ಟೆಯೊಳಗೆ ತತ್ತಿಯ ಹಳದಿ ಭಂಡಾರವನ್ನೇ ಉಂಡು ಬೆಳೆಯುತ್ತದೆ. ಹುಟ್ಟುವಾಗ ಅದರ ಉದ್ದ ಸುಮಾರು 11 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ತಾಯಿಯ ಅರ್ಧ! ಅಷ್ಟು ದೊಡ್ಡ ಮರಿಗಳು ಹೊಟ್ಟೆಯಲ್ಲಿ ಎಷ್ಟು ಹಿಡಿಸಬೇಕು? ಒಂದು, ಹೆಚ್ಚೆಂದರೆ ಎರಡು. 1995ರಲ್ಲಿ ತೈವಾನ್ ಹತ್ತಿರ ಹಿಡಿದ ಒಂದು ತಿಮಿಂಗಿಲ ಶಾರ್ಕಿನ ಹೊಟ್ಟೆಯಲ್ಲಿ 300 ಮರಿಗಳಿದ್ದವು.

ಕೊಲ್ಲಂ ಕಡೆಯ ಟ್ರಾಲರ್ ದೋಣಿಗಳು ಆಳ ಕಡಲಿನ ಸಿಗಡಿಗೆಂದು ಬಲೆ ಎಳೆಯುತ್ತವೆ. ಸಿಗಡಿಯ ಜತೆಗೆ ಈ ಗೇಣುದ್ದದ ಶಾರ್ಕೂ ಮೇಲೆ ಬರುತ್ತದೆ. ಇದನ್ನು ಬೇಕೆಂದು ಹಿಡಿಯುವವರಿಲ್ಲ. ಬಲೆಯಲ್ಲಿ ಸತ್ತ ತಾಯಿಯ ಜಾಗವನ್ನು ತುಂಬಲು ತಳದಲ್ಲಿ ಉಳಿದವಳು ಒಂದು ಸಲಕ್ಕೆ ಹಾಕುವುದು ಅದೇ ಒಂದೆರಡು ಮರಿ.