ಮಕ್ಕಳು ಗ್ರಾಫಿಕ್ಸ್ ಕಾರ್ಡ್ ಕೇಳಿದಾಗ

ಪರೀಕ್ಷೆ ಹತ್ತಿರ ಬಂದಿದೆ. ಮಗ ಮಾತ್ರ ರಾತ್ರಿ ಹನ್ನೊಂದು ದಾಟಿದರೂ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ವಿಡಿಯೊ ನೋಡುತ್ತಿದ್ದಾನೆ. ಊಟಕ್ಕೆ ಕೂತರೂ ಅದೇ ಮಾತು. ಚೆನ್ನೈಯ ಟಿ. ನಗರದ ಕನ್ನಡ ಮನೆಗಳ ತಂದೆತಾಯಿಯರು ಇದನ್ನು ಹೇಳಿಕೊಳ್ಳುವಾಗ ಜತೆಗೇ ಕೇಳುತ್ತಾರೆ: ‘ಆಟಕ್ಕೆ ಅಷ್ಟು ದುಡ್ಡು ಹಾಕಬೇಕಾ?’ ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕೆ ಹೋಗುವ ಮೊದಲು, ಈ ಹೋಲಿಕೆ ಮಗುವನ್ನು ಇಷ್ಟು ಹಿಡಿದಿಟ್ಟಿರುವುದೇಕೆ ಎಂದು ನೋಡೋಣ.

ಹದಿಹರೆಯದ ಮಕ್ಕಳಿಗೆ ಮನೆಯ ಹಿರಿಯರಿಗಿಂತ ತಮಗೇ ಹೆಚ್ಚು ಗೊತ್ತಿರುವ ಒಂದು ವಿಷಯ ಬೇಕಾಗುತ್ತದೆ. ಉಳಿದೆಲ್ಲದರಲ್ಲೂ ಅವರು ಹೇಳಿಸಿಕೊಳ್ಳುವವರು, ಇಲ್ಲಿ ಹೇಳುವವರು. ಗೆಳೆಯರ ಗುಂಪಿನಲ್ಲಿ ಈ ಅರಿವಿಗೆ ಬೆಲೆಯಿದೆ. ಸಂಜೆ ಎಲ್ಲರೂ ಸೇರುವುದು ಆಟದೊಳಗೇ ಆಗಿದ್ದರೆ, ಹಳೆಯ ಕಂಪ್ಯೂಟರಿನ ಹುಡುಗ ಆಟದಿಂದಷ್ಟೇ ಅಲ್ಲ, ಜತೆಯಿಂದಲೂ ಹೊರಗುಳಿಯುತ್ತಾನೆ. ಇನ್ನೊಂದು ಕಾರಣ ನಮ್ಮ ಮನೆಯೊಳಗೇ ಇದೆ. ಪ್ಲಸ್ ಟು ಮುಗಿಸಿದ ಪಕ್ಕದ ಮನೆಯ ಹುಡುಗಿಯ ಬಗ್ಗೆ ನಾವು ಮೊದಲು ಕೇಳುವುದು, 200ಕ್ಕೆ ಕಟ್‌ಆಫ್ ಎಷ್ಟು ಎಂದು. ಒಂದು ಅಂಕಿ ಕಂಡರೆ ಮೇಲು ಕೀಳು ತೀರ್ಮಾನವಾಯಿತು ಎಂಬ ಅಭ್ಯಾಸವನ್ನು ಮಕ್ಕಳು ನಮ್ಮಿಂದಲೇ ಕಲಿತಿದ್ದಾರೆ. ಕಾರ್ಡುಗಳಿಗೂ ಅದನ್ನೇ ಅನ್ವಯಿಸುತ್ತಾರೆ.

ಆದರೆ ಗ್ರಾಫಿಕ್ಸ್ ಕಾರ್ಡ್ ಆ ಅಭ್ಯಾಸಕ್ಕೆ ಒಗ್ಗುವ ವಸ್ತುವಲ್ಲ. ಹಾಗಾಗಿಯೇ ಇದನ್ನು ಕಲಿಕೆಯ ಅವಕಾಶವೆಂದು ನಾನು ನಂಬುತ್ತೇನೆ. ಪರದೆಯ ಮೇಲಿನ ಚಿತ್ರವನ್ನು ಲೆಕ್ಕಹಾಕಿ ಮೂಡಿಸುವ ಕಂಪ್ಯೂಟರಿನ ಭಾಗ ಇದು. ಎನ್‌ವಿಡಿಯಾ ಕಂಪನಿಯ ಎರಡು ಕಾರ್ಡು ತೆಗೆದುಕೊಳ್ಳಿ: 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಮತ್ತು 2023ರ ಆರ್‌ಟಿಎಕ್ಸ್ 4060. ಹಳೆಯದರಲ್ಲಿ ‘ಕೋರ್’ಗಳು, ಅಂದರೆ ಏಕಕಾಲಕ್ಕೆ ಲೆಕ್ಕ ಮಾಡುವ ಪುಟ್ಟ ಘಟಕಗಳು, 3584, ಹೊಸದರಲ್ಲಿ 3072. ಚಿತ್ರದ ಸಾಮಗ್ರಿಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ‘ವಿ-ರ್‍ಯಾಮ್’ ಹಳೆಯದರಲ್ಲಿ 12 ಜಿಬಿ, ಹೊಸದರಲ್ಲಿ 8. ಆ ಸಾಮಗ್ರಿ ಓಡಾಡುವ ವೇಗ, ‘ಬ್ಯಾಂಡ್‌ವಿಡ್ತ್’, ಸೆಕೆಂಡಿಗೆ 360 ಜಿಬಿ ಇದ್ದದ್ದು 272ಕ್ಕೆ ಇಳಿದಿದೆ. ಕಾಗದದ ಮೇಲೆ ಮೂರರಲ್ಲೂ ಹಳೆಯದೇ ಮುಂದು. ಆದರೂ ಬಹುತೇಕ ಆಟಗಳಲ್ಲಿ ಓಡಿಸಿ ನೋಡಿದರೆ ಗೆಲ್ಲುವುದು 4060. ಅದರ ಕೋರ್‌ಗಳು ಹೆಚ್ಚು ವೇಗದಲ್ಲಿ ಓಡುತ್ತವೆ. ಚಿಪ್ಪಿನೊಳಗೇ ಇರುವ ‘ಕ್ಯಾಶ್’ ಎಂಬ ಪುಟ್ಟ ಸ್ಮೃತಿ ದೊಡ್ಡದಾಗಿರುವುದರಿಂದ ಹೊರಗಿನ ಸ್ಮೃತಿಗೆ ಪದೇಪದೇ ಹೋಗಿಬರುವ ಕೆಲಸವೂ ತಪ್ಪುತ್ತದೆ. ಆದರೆ 8 ಜಿಬಿಯಲ್ಲಿ ಹಿಡಿಸದಷ್ಟು ಸಾಮಗ್ರಿ ಬೇಡುವ ಆಟವೋ, ಬ್ಲೆಂಡರ್ ತಂತ್ರಾಂಶದಲ್ಲಿ ಕಟ್ಟಿದ ದೊಡ್ಡ ಮೂರು ಆಯಾಮದ ದೃಶ್ಯವೋ ಎದುರಾದರೆ, ಹಳೆಯದರ 12 ಜಿಬಿ ಕೆಲಸಕ್ಕೆ ಬರುತ್ತದೆ.

ಹೆಸರನ್ನೂ ಪೂರ್ತಿ ನಂಬುವಂತಿಲ್ಲ. 3060 ಎಂಬ ಹೆಸರಿನಲ್ಲೇ 8 ಜಿಬಿಯ ಇನ್ನೊಂದು ಕಾರ್ಡು ಬಂತು. ಅದರ ಬ್ಯಾಂಡ್‌ವಿಡ್ತ್ 240 ಮಾತ್ರ. ಲ್ಯಾಪ್‌ಟಾಪಿನ 4060 ಆದರೋ, ತಯಾರಕರು ಎಷ್ಟು ವಿದ್ಯುತ್ತಿಗೆ ಮಿತಿಗೊಳಿಸಿದ್ದಾರೆ ಎಂಬುದರ ಮೇಲೆ ಬೇರೆಬೇರೆಯಾಗಿ ಓಡುತ್ತದೆ. ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಳ್ಳುವವರು ಆ ವ್ಯಾಟ್ ಎಷ್ಟೆಂದು ಕೇಳಲೇಬೇಕು.

ವಿಡಿಯೊಗಳಲ್ಲಿ ಓಡುವ ಇನ್ನೊಂದು ಅಂಕಿ ‘ಎಫ್‌ಪಿಎಸ್’: ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬ ಲೆಕ್ಕ. ಸರಾಸರಿ ಚೆನ್ನಾಗಿದ್ದೂ ಆಟ ನಡುನಡುವೆ ತೊದಲಬಹುದು. ಅದನ್ನು ಹೇಳುವುದು ‘1% ಲೋ’, ಅಂದರೆ ಅತಿ ನಿಧಾನವಾಗಿ ಮೂಡಿದ ನೂರರಲ್ಲೊಂದು ಪಾಲಿನ ಲೆಕ್ಕ. ಮನೆಯ ಮಾನಿಟರ್ 60 ಹರ್ಟ್ಸ್‌ನದಾದರೆ ಅದು ಸೆಕೆಂಡಿಗೆ 60 ಸಲವಷ್ಟೇ ಚಿತ್ರ ಬದಲಿಸಬಲ್ಲದು. ಕಾರ್ಡು 140 ಮೂಡಿಸಿದರೂ ಕಣ್ಣಿಗೆ ಅಷ್ಟೇನೂ ದಕ್ಕುವುದಿಲ್ಲ.

ಇಷ್ಟು ತಿಳಿದ ಮೇಲೆ ‘ಯಾವುದು ಒಳ್ಳೆಯದು?’ ಎಂಬ ಪ್ರಶ್ನೆ ತಾನಾಗಿ ‘ಯಾವುದಕ್ಕೆ ಒಳ್ಳೆಯದು?’ ಎಂದಾಗುತ್ತದೆ. ಈ ಬಗೆಯ ಹೋಲಿಕೆ ನಿಮಗೆ ಹೊಸದಲ್ಲ. ಪಾನಗಲ್ ಪಾರ್ಕಿನ ಬಳಿಯ ರೇಷ್ಮೆ ಅಂಗಡಿಯಲ್ಲಿ ಅಮ್ಮ ಕಾಂಚೀಪುರಂ ಸೀರೆಯನ್ನು ಬೆಲೆಚೀಟಿ ನೋಡಿ ಆರಿಸುವುದಿಲ್ಲ. ಜರಿ, ನೇಯ್ಗೆ, ಅಂಚು ಎಲ್ಲವನ್ನೂ ನೋಡುತ್ತಾಳೆ. ಉಡುವವರು ಯಾರು, ಯಾವ ಸಮಾರಂಭಕ್ಕೆ ಎಂಬುದನ್ನು ಅದಕ್ಕೂ ಮೊದಲೇ ಕೇಳಿರುತ್ತಾಳೆ. ಮಗುವಿಗೆ ಕಾರ್ಡಿನ ವಿವರ ಗೊತ್ತು, ನಿಮಗೆ ಆರಿಸುವ ಕ್ರಮ ಗೊತ್ತು. ಇಬ್ಬರೂ ಒಟ್ಟಿಗೆ ಕೂರುವುದಕ್ಕೆ ಅಷ್ಟು ಸಾಕು.

ಸಾಮಾನ್ಯವಾಗಿ ನಡೆಯುವುದು ಬೇರೆ. ಒಂದೋ ‘ಓದೋದು ನೋಡು’ ಎಂದು ಮಾತು ಮುರಿಯುತ್ತೇವೆ. ಇಲ್ಲವೇ ‘ತೊಂಬತ್ತು ಬಂದರೆ ಕೊಡಿಸ್ತೀನಿ’ ಎನ್ನುತ್ತೇವೆ. ಎರಡರಲ್ಲೂ ಪ್ರೀತಿಯಿದೆ. ಆದರೆ ಮೊದಲನೆಯದು ಮಗುವಿನ ಅರಿವನ್ನು ಅಲ್ಲಗಳೆಯುತ್ತದೆ. ಎರಡನೆಯದು ಕಾರ್ಡನ್ನು ಅಂಕಕ್ಕೆ ಕಟ್ಟುತ್ತದೆ: ಎಂಬತ್ತೆಂಟು ಬಂದ ದಿನ ಮನೆಯಲ್ಲಿ ಎರಡು ಸೋಲು. ಅದರ ಬದಲು ಮಗುವಿಗೆ ಒಂದು ಕೆಲಸ ಒಪ್ಪಿಸಿ: ‘ನೀನು ನಿಜವಾಗಿ ಬಳಸುವ ನಾಲ್ಕು ಆಟ ಅಥವಾ ತಂತ್ರಾಂಶ, ನಮ್ಮ ಮಾನಿಟರ್, ನಮ್ಮ ದುಡ್ಡಿನ ಮಿತಿ. ಇವಿಷ್ಟಕ್ಕೆ ಸಾಕಾಗುವ ಅತಿ ಕಡಿಮೆ ಬೆಲೆಯ ಕಾರ್ಡು ಯಾವುದು? ಒಂದು ಪುಟದಲ್ಲಿ ಬರೆದು ಕೊಡು.’ ಸಾಕಾಗುವುದು ಎಂಬ ಮಾತಿಗೆ ಒತ್ತು ಕೊಡಿ. ಎಲ್ಲಕ್ಕಿಂತ ಮೇಲಿನದನ್ನು ಹುಡುಕಲು ಹೊರಟರೆ ಹುಡುಕಾಟ ಮುಗಿಯುವುದೇ ಇಲ್ಲ, ಹೊಸ ಕಾರ್ಡು ಬರುತ್ತಲೇ ಇರುತ್ತದೆ. ಸಾಕಾಗುವುದನ್ನು ಹುಡುಕುವವನಿಗೆ ನಿಲ್ಲುವ ಜಾಗ ಗೊತ್ತಿರುತ್ತದೆ. ರಾತ್ರಿಯ ವಿಡಿಯೊಗಳಿಗೂ ಒಂದು ಕೊನೆ ಕಾಣುವುದು ಆಗಲೇ.

ಆ ಪುಟದಲ್ಲಿ ಮನೆಯ ಖರ್ಚೂ ಇರಲಿ. 3060ಕ್ಕೆ ನಿಗದಿಯಾದ ವಿದ್ಯುತ್ 170 ವ್ಯಾಟ್, 4060ಕ್ಕೆ 115. ದಿನಕ್ಕೆ ಮೂರು ಗಂಟೆ ಪೂರ್ತಿ ದುಡಿಸಿದರೆ, ಎರಡು ತಿಂಗಳಿಗೊಮ್ಮೆ ಬರುವ ನಮ್ಮ ಇಬಿ ಬಿಲ್ಲಿನಲ್ಲಿ ಸುಮಾರು 10 ಯೂನಿಟ್ ವ್ಯತ್ಯಾಸ. ದೊಡ್ಡದೇನಲ್ಲ, ಆದರೆ ಸ್ಲ್ಯಾಬಿನ ಅಂಚಿನಲ್ಲಿರುವ ಮನೆಗೆ ಲೆಕ್ಕಕ್ಕೆ ಬರುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ. ಮೇ ತಿಂಗಳ ಚೆನ್ನೈಯಲ್ಲಿ ಫ್ಯಾನಿನಡಿ ಓದುವ ಮಗುವಿಗೆ ಅದೂ ಮುಖ್ಯ. ಹಳೆಯ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಈ ಭಾರ ತಡೆಯುತ್ತದೆಯೇ, ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಉದ್ದ ಹಿಡಿಸುತ್ತದೆಯೇ ಎಂಬುದನ್ನೂ ಅವನೇ ಅಳೆದು ಬರೆಯಲಿ.

ನಂತರ ಒಂದು ದಿನ ಮೌಂಟ್ ರೋಡಿನ ಬಳಿ ಕಂಪ್ಯೂಟರ್ ಅಂಗಡಿಗಳಿರುವ ರಿಚ್ಚಿ ಸ್ಟ್ರೀಟಿಗೆ ಜತೆಯಾಗಿ ಹೋಗಿ. ಕೊಳ್ಳಲಿಕ್ಕಲ್ಲ, ಕೇಳಲಿಕ್ಕೆ. ಅಂಗಡಿಯಲ್ಲಿ ಮಗುವೇ ಮಾತಾಡಲಿ. ಸೆಕೆಂಡ್ ಹ್ಯಾಂಡ್ ಕಾರ್ಡು ಅಗ್ಗಕ್ಕೆ ಸಿಕ್ಕಬಹುದು, ಆದರೆ ಅದರ ಹಿಂದಿನ ದುಡಿಮೆ ತಿಳಿಯಬೇಕು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ವಿಧಾನ ಬದಲಿಸಿದ ಮೇಲೆ, ಅದರ ‘ಗಣಿಗಾರಿಕೆ’ಗೆಂದು, ಅಂದರೆ ಲೆಕ್ಕ ಮಾಡಿ ಆ ನಾಣ್ಯ ಗಳಿಸಲೆಂದು, ಹಗಲಿರುಳು ದುಡಿದ ಕಾರ್ಡುಗಳು ಮಾರಾಟಕ್ಕೆ ಬಂದವು. 3060 ತಲೆಮಾರಿನವೂ ಅವುಗಳಲ್ಲಿದ್ದವು. ಕಾರ್ಡು ಓಡಿಸಿ ತೋರಿಸಲು ಹೇಳಿ, ಬಿಲ್ ಕೇಳಿ, ವಾರಂಟಿ ಎಷ್ಟು ಉಳಿದಿದೆ ನೋಡಿ.

ಕೊಡಿಸುವುದಿಲ್ಲ ಎಂದು ತೀರ್ಮಾನಿಸಿದರೂ ಆ ಪುಟ ವ್ಯರ್ಥವಲ್ಲ. ಎಷ್ಟು ದುಡ್ಡು ಸಾಲದು, ಯಾವ ತಿಂಗಳಿಗೆ ಮತ್ತೆ ಮಾತಾಡೋಣ ಎಂದು ಸ್ಪಷ್ಟವಾಗಿ ಹೇಳಿ, ಆ ತಿಂಗಳು ಮಗು ನೆನಪಿಸುವ ಮೊದಲು ನೀವೇ ಮಾತು ತೆಗೆಯಿರಿ.